ಗಡಿಯೂರಿನ ಮುದ್ರಣಾಲಯಕ್ಕೊಂದು ಲೋಕಲ್ ನೆಟ್‌ವರ್ಕ್: ಕಾಸರಗೋಡಿನ ಕನ್ನಡ ಫೈಲುಗಳನ್ನು ಮುಂದಿಟ್ಟುಕೊಂಡು

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ. ಆಡುಮಾತಿನ ರೂಪಗಳನ್ನು ಅಲ್ಲಲ್ಲಿ ಹಾಗೆಯೇ ಉಳಿಸಿಕೊಂಡಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗವಿದೆ.)

ಗಡಿನಾಡಿನ ಕನ್ನಡ ಅಂದರೆ ಶಾಲೆ, ಯಕ್ಷಗಾನ, ಭಾಷಾ ಅಲ್ಪಸಂಖ್ಯಾತರ ಹಕ್ಕು ಅಂತ ಮಾತು ಹೋಗ್ತದೆ. ಅದರ ನಡುವೆ ನಾನು ಸ್ವಿಚ್ಚು, ಕೇಬಲ್ಲು ಅಂತ ಶುರು ಮಾಡಿದರೆ "ಇದೆಂತ ಮಾರಾಯ್ರೆ" ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ಒಂದು ಸಣ್ಣ ವ್ಯವಹಾರದೊಳಗೆ ಐದಾರು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದು ಹೇಗೆ ಎಂಬುದು ಇವತ್ತಿನ ವಿಷಯ. ಆ ವ್ಯವಹಾರ ಕಾಸರಗೋಡಿನ ಒಂದು ಕನ್ನಡ–ಮಲಯಾಳ ಪ್ರಿಂಟಿಂಗ್ ಪ್ರೆಸ್ ಆದರೆ ಆ ಜೋಡಣೆಗೂ ಭಾಷೆಗೂ ನೇರ ಸಂಬಂಧ ಉಂಟು ಎಂಬುದು ನನ್ನ ವಾದ.

ಯಾಕೆ ಪ್ರೆಸ್? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಇಲ್ಲಿನ ಕನ್ನಡದ ಬಗ್ಗೆ ಬರೆಯುವವರು ಪತ್ರಿಕೆಗಳನ್ನು, ಪ್ರಕಟವಾದ ಪುಸ್ತಕಗಳನ್ನು ನೋಡ್ತಾರೆ. ಆದರೆ ದಿನನಿತ್ಯದ ಕನ್ನಡ ಅಚ್ಚಾಗುವುದು ಬೇರೆ ಕಡೆ: ಬ್ರಹ್ಮಕಲಶೋತ್ಸವದ ಆಮಂತ್ರಣ, ತಾಳಮದ್ದಳೆಯ ಹ್ಯಾಂಡ್‌ಬಿಲ್, ನೇಮದ ಕಾಗದ, ಶಾಲೆಯ ಸ್ಮರಣ ಸಂಚಿಕೆ, ಸಹಕಾರಿ ಸಂಘದ ವಾರ್ಷಿಕ ವರದಿ, ಯಾರೋ ನಿವೃತ್ತ ಮಾಸ್ಟ್ರು ಸ್ವಂತ ಖರ್ಚಿನಲ್ಲಿ ಮಾಡಿಸಿದ ಕವನ ಸಂಕಲನ. ಕಾರ್ಯಕ್ರಮ ಮುಗಿದ ಮೇಲೆ ಆ ಕಾಗದ ಯಾರ ಮನೆಯಲ್ಲೂ ಉಳಿಯುವುದಿಲ್ಲ. ಉಳಿಯುವುದು ಪ್ರೆಸ್ಸಿನ ಕಂಪ್ಯೂಟರಿನಲ್ಲಿರುವ ಫೈಲ್ ಮಾತ್ರ. ಅದೂ ಒಂದೇ ಒಂದು ಹಾರ್ಡ್‌ಡಿಸ್ಕಿನಲ್ಲಿ.

ನಾನು ಕೆಲಸ ಮಾಡಿದ, ನೋಡಿದ ಮೂರ್ನಾಲ್ಕು ಪ್ರೆಸ್ಸುಗಳನ್ನು ಸೇರಿಸಿ ಇಲ್ಲಿ ಒಂದು ಮಾದರಿ ಇಟ್ಟುಕೊಳ್ಳುತ್ತೇನೆ. ಕೌಂಟರಿನಲ್ಲಿ ಬಿಲ್ಲಿನ ಕಂಪ್ಯೂಟರ್ ಒಂದು. ಒಳಗೆ ಡಿಟಿಪಿಯ ಎರಡು. ಪ್ರೂಫ್ ನೋಡುವವರಿಗೆ ಒಂದು. ಪ್ಲೇಟ್ ಅಥವಾ ಟ್ರೇಸಿಂಗ್ ತೆಗೆಯುವ ಯಂತ್ರಕ್ಕೆ ಅಂಟಿಕೊಂಡ ಒಂದು ಹಳೆಯ ಕಂಪ್ಯೂಟರ್. ಮಾಲೀಕರ ಲ್ಯಾಪ್‌ಟಾಪ್. ಒಂದು ಕಲರ್ ಲೇಸರ್ ಪ್ರಿಂಟರ್, ಒಂದು ಎ3 ಕಪ್ಪು–ಬಿಳುಪು ಪ್ರಿಂಟರ್. ಅಚ್ಚಿನ ಯಂತ್ರ ಹಿತ್ತಿಲ ಕಡೆಯ ಶೆಡ್ಡಿನಲ್ಲಿ.

ಪೆನ್‌ಡ್ರೈವ್ ಎಂಬ ವ್ಯವಸ್ಥೆ

ಇಷ್ಟು ಕಂಪ್ಯೂಟರ್ ಇದ್ದರೂ ಅವುಗಳ ನಡುವೆ ಫೈಲ್ ಓಡಾಡುವುದು ಪೆನ್‌ಡ್ರೈವ್ ಮೇಲೆ. ಡಿಟಿಪಿಯವರು ಮ್ಯಾಟರ್ ಹಾಕಿ ಪೆನ್‌ಡ್ರೈವಿಗೆ ಕಾಪಿ ಮಾಡ್ತಾರೆ, ಪ್ರೂಫ್‌ನವರು ಅದನ್ನು ತಮ್ಮ ಕಂಪ್ಯೂಟರಿಗೆ ಹಾಕ್ಕೊಳ್ತಾರೆ, ತಿದ್ದಿದ್ದು ಮತ್ತೆ ಪೆನ್‌ಡ್ರೈವಿಗೆ. ಸಂಜೆಯ ಹೊತ್ತಿಗೆ ಒಂದೇ ಆಮಂತ್ರಣದ ನಾಲ್ಕು ಫೈಲ್ ಆಗಿರ್ತದೆ: ಫೈನಲ್, ಫೈನಲ್ ನ್ಯೂ, ಫೈನಲ್ ಕರೆಕ್ಟ್, ಫೈನಲ್ ಕರೆಕ್ಟ್ 2. ಯಾವುದು ನಿಜವಾದ ಫೈನಲ್ ಅಂತ ಗೊತ್ತಿರುವುದು ಅದನ್ನು ಸೇವ್ ಮಾಡಿದವರಿಗೆ ಮಾತ್ರ, ಅವರು ಆ ದಿವಸ ರಜೆ. ತಿದ್ದದ ಫೈಲ್ ಪ್ಲೇಟಿಗೆ ಹೋಗಿ, ತಂತ್ರಿಗಳ ಹೆಸರೇ ತಪ್ಪಾಗಿ ಸಾವಿರ ಪ್ರತಿ ಅಚ್ಚಾಗಿ, ಮರುದಿನ ಪುನಃ ಸಾವಿರ ಪ್ರತಿ ಸ್ವಂತ ಖರ್ಚಿನಲ್ಲಿ ಮಾಡಿಕೊಟ್ಟ ಪ್ರೆಸ್ಸುಗಳನ್ನು ನಾನು ಬಲ್ಲೆ. ಪ್ರೆಸ್ಸಿನವರಿಗೆ ನೆಟ್‌ವರ್ಕ್ ಯಾಕೆ ಬೇಕು ಅಂತ ವಿವರಿಸ್ಲಿಕ್ಕೆ ಈ ಒಂದು ಉದಾಹರಣೆ ಸಾಕಾಗ್ತದೆ.

ಇಲ್ಲೊಂದು ತಪ್ಪು ಕಲ್ಪನೆಯನ್ನು ಮೊದಲೇ ತೆಗೆದುಹಾಕಬೇಕು. ನೆಟ್‌ವರ್ಕ್ ಅಂದರೆ ಇಂಟರ್ನೆಟ್ ಅಂತ ಹೆಚ್ಚಿನವರ ತಿಳುವಳಿಕೆ. ವೈಫೈ ಬಂದಾಯ್ತು, ಇನ್ನೆಂತ ನೆಟ್‌ವರ್ಕ್ ಅಂತ ಕೇಳ್ತಾರೆ. ಲೋಕಲ್ ಏರಿಯಾ ನೆಟ್‌ವರ್ಕ್ ಅಂದರೆ ಒಂದೇ ಕಟ್ಟಡದೊಳಗಿನ ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಏರ್ಪಾಡು. ಇಂಟರ್ನೆಟ್ ಕಡಿದು ಹೋದರೂ ಅದು ನಡೀತಾ ಇರಬೇಕು. ಫೈಲ್ ಒಂದೇ ಜಾಗದಲ್ಲಿ ಇರ್ತದೆ, ಎಲ್ಲರೂ ಅಲ್ಲಿಂದಲೇ ತೆರೀತಾರೆ, ಅಲ್ಲಿಯೇ ಸೇವ್ ಮಾಡ್ತಾರೆ. ಉಳಿದದ್ದೆಲ್ಲ ಇದಕ್ಕೆ ಪೂರಕ.

ತಂತಿಯೋ ವೈಫೈಯೋ

ನಮ್ಮಲ್ಲಿ ಹಳೆಯ ಕಟ್ಟಡಗಳೆಲ್ಲ ಮುರಕಲ್ಲಿನವು. ದಪ್ಪ ಗೋಡೆ, ಮೇಲೆ ಹಂಚು ಅಥವಾ ಸ್ಲಾಬು. ವೈಫೈಯ ರೇಡಿಯೋ ಅಲೆ ಇಂಥ ಒಂದು ಗೋಡೆ ದಾಟುವಷ್ಟರಲ್ಲಿ ಸುಸ್ತಾಗ್ತದೆ, ಎರಡನೇ ಗೋಡೆಯ ಆಚೆ ನೆಪಕ್ಕೆ ಮಾತ್ರ ಉಳೀತದೆ. ಮೊಬೈಲಿಗೆ ಅಷ್ಟು ಸಾಕು, ಡಿಟಿಪಿಗೆ ಸಾಲದು. ಒಂದು ಲೆಕ್ಕ ಹೇಳ್ತೇನೆ. ಫೋಟೋ ತುಂಬಿದ ಸ್ಮರಣ ಸಂಚಿಕೆಯ ಫೋಲ್ಡರ್ 2 ಜಿಬಿ ಅಂತ ಇಟ್ಟುಕೊಳ್ಳಿ, ಅಂದರೆ 16 ಗಿಗಾಬಿಟ್. ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುವ ತಂತಿಯಲ್ಲಿ ಲೆಕ್ಕದ ಪ್ರಕಾರ 16 ಸೆಕೆಂಡು, ವಾಸ್ತವದಲ್ಲಿ 20ರ ಆಸುಪಾಸು. ಹಳೆಯ 100 ಮೆಗಾಬಿಟ್ ಸ್ವಿಚ್ ಆದರೆ ಅದೇ ಫೋಲ್ಡರಿಗೆ ಹೆಚ್ಚುಕಡಿಮೆ ಮೂರು ನಿಮಿಷ. ಮೂರು ನಿಮಿಷ ಕಾಯಬೇಕಾದಾಗ ಮನುಷ್ಯ ಎಂತ ಮಾಡ್ತಾನೆ? ಪೆನ್‌ಡ್ರೈವ್ ಹುಡುಕ್ತಾನೆ. ಹಾಗಾಗಿ ವೇಗ ಅನ್ನುವುದು ಇಲ್ಲಿ ಶೋಕಿಯಲ್ಲ. ವೇಗ ಇಲ್ಲದ ನೆಟ್‌ವರ್ಕನ್ನು ಜನ ಬಳಸುವುದೇ ಇಲ್ಲ.

ಕ್ಯಾಟ್-6 ಕೇಬಲ್, 16 ಪೋರ್ಟಿನ ಗಿಗಾಬಿಟ್ ಸ್ವಿಚ್, ಇಷ್ಟು ಸಾಕು. ಎಂಟು ಪೋರ್ಟಿನದ್ದು ತೆಗೆದುಕೊಂಡು ಆರು ತಿಂಗಳಲ್ಲಿ ಅದರ ಬಾಲಕ್ಕೆ ಇನ್ನೊಂದು ಸಿಕ್ಕಿಸುವ ಬದಲು ಮೊದಲೇ ದೊಡ್ಡದು ತರುವುದು ಲೇಸು. ತಾಮ್ರದ ಕೇಬಲ್ಲಿನ ಒಂದು ಓಟ 100 ಮೀಟರ್ ಮೀರಬಾರದು, ಪ್ರೆಸ್ಸಿನೊಳಗೆ ಅದೇನೂ ತೊಂದರೆಯಲ್ಲ. ತೊಂದರೆ ಇರುವುದು ಕೇಬಲ್ಲಿನ ಗುಣದಲ್ಲಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಮಾರುಕಟ್ಟೆಯಲ್ಲಿ ಧಾರಾಳ ಸಿಗ್ತದೆ. ಹೊರಗಿಂದ ಎರಡೂ ಒಂದೇ ಥರ. ಆದರೆ ಅದು ಬಾಗಿಸಿದಲ್ಲಿ ಬೇಗ ತುಂಡಾಗ್ತದೆ, ಉಪ್ಪುಗಾಳಿಯ ಕರಾವಳಿಯಲ್ಲಿ ಕನೆಕ್ಟರಿನ ಬುಡದಲ್ಲಿ ಬೇಗ ಕೆಡ್ತದೆ. ಅಂಗಡಿಯಲ್ಲಿ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ಬೇಡ ಅನ್ನಿ.

ಕೇಬಲ್ಲಿನ ತುದಿಗೆ ಕನೆಕ್ಟರ್ ಒತ್ತುವಾಗ ಎಂಟು ಎಳೆಗಳ ಬಣ್ಣದ ಕ್ರಮ ಎರಡೂ ತುದಿಯಲ್ಲಿ ಒಂದೇ ಇರಬೇಕು. ಸಾಮಾನ್ಯವಾಗಿ ಬಳಸುವ ಕ್ರಮ: ಬಿಳಿ–ಕಿತ್ತಳೆ, ಕಿತ್ತಳೆ, ಬಿಳಿ–ಹಸುರು, ನೀಲಿ, ಬಿಳಿ–ನೀಲಿ, ಹಸುರು, ಬಿಳಿ–ಕಂದು, ಕಂದು. ಇದರಲ್ಲೊಂದು ಮೋಸ ಉಂಟು. 100 ಮೆಗಾಬಿಟ್ಟಿಗೆ ಎರಡು ಜೊತೆ ಎಳೆ ಸಾಕು (1, 2, 3 ಮತ್ತು 6ನೇದ್ದು), ಗಿಗಾಬಿಟ್ಟಿಗೆ ನಾಲ್ಕೂ ಜೊತೆ ಬೇಕು. ಒಂದು ಎಳೆ ಸರಿಯಾಗಿ ಕೂತಿರದಿದ್ದರೆ ಕಂಪ್ಯೂಟರ್ ತಕರಾರೇ ಮಾಡದೆ ಕೆಳಗಿನ ವೇಗಕ್ಕೆ ಇಳಿದು ಕೆಲಸ ಮಾಡ್ತಾ ಇರ್ತದೆ. ಎಲ್ಲ ಸರಿ ಉಂಟು ಅಂತ ಕಾಣ್ತದೆ, ಆದರೆ ಆ ಒಂದು ಮೇಜಿನವರು ಮಾತ್ರ ಯಾವಾಗಲೂ "ನಮ್ದು ಸ್ಲೋ" ಅಂತ ಹೇಳ್ತಾ ಇರ್ತಾರೆ. ಅವರ ಮಾತನ್ನು ನಂಬಿ ಕೇಬಲ್ ಟೆಸ್ಟರ್ ಹಾಕಿ ನೋಡಬೇಕು.

ಸಿಡಿಲು

ನೆಟ್‌ವರ್ಕ್ ಪುಸ್ತಕಗಳಲ್ಲಿ ಇದಕ್ಕೆ ಒಂದು ಪ್ಯಾರಾ ಸಿಗಬಹುದು, ನಮ್ಮ ಊರಿಗೆ ಒಂದು ಅಧ್ಯಾಯವೇ ಬೇಕು. ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗು ಮಳೆ, ಪುನಃ ಅಕ್ಟೋಬರ್–ನವೆಂಬರಿನ ತುಲಾ ಮಳೆ: ಕೇರಳದ ಉದ್ದಕ್ಕೂ ಸಿಡಿಲಿನ ಕಾಲ ಇದು. ಸಿಡಿಲು ಪ್ರೆಸ್ಸಿನ ಮೇಲೆಯೇ ಬೀಳಬೇಕೆಂದಿಲ್ಲ. ಹತ್ತಿರದ ತೆಂಗಿನ ಮರಕ್ಕೆ ಬಡಿದರೂ ಉದ್ದದ ತಾಮ್ರದ ತಂತಿಯಲ್ಲಿ ಒಂದು ಕ್ಷಣಕ್ಕೆ ಅಧಿಕ ವೋಲ್ಟೇಜ್ ಹುಟ್ಟುತ್ತದೆ. ಅದು ಸ್ವಿಚ್ಚಿನ ಪೋರ್ಟು, ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡು, ಕೆಲವು ಸಲ ಪೂರ್ತಿ ಮದರ್‌ಬೋರ್ಡನ್ನೇ ಸುಡ್ತದೆ. ಮಳೆ ಬರುವಾಗ ಪ್ಲಗ್ ತೆಗೆದಿಟ್ಟು ಮನೆಗೆ ಹೋದವರ ಸ್ವಿಚ್ಚೂ ಸುಟ್ಟದ್ದುಂಟು, ಯಾಕೆಂದರೆ ಕರೆಂಟಿನ ದಾರಿ ಮುಚ್ಚಿದ್ದರೂ ನೆಟ್‌ವರ್ಕ್ ತಂತಿಯ ದಾರಿ ತೆರೆದೇ ಇತ್ತು.

ಆದ್ದರಿಂದ ಒಂದು ನಿಯಮ ಮಾಡಿಕೊಳ್ಳಬೇಕು: ಕಟ್ಟಡದಿಂದ ಕಟ್ಟಡಕ್ಕೆ ತಾಮ್ರ ಎಳೆಯುವುದಿಲ್ಲ. ಆಫೀಸಿನಿಂದ ಹಿತ್ತಿಲ ಶೆಡ್ಡಿಗೆ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಹಾಕಬೇಕು. ಗಾಜಿನ ಎಳೆಯಲ್ಲಿ ಹೋಗುವುದು ಬೆಳಕು, ವಿದ್ಯುತ್ತಲ್ಲ. ಆದರೆ ಹುಷಾರು: ಬಲಕ್ಕಾಗಿ ಉಕ್ಕಿನ ತಂತಿ ಸೇರಿಸಿದ ಫೈಬರ್ ಕೇಬಲ್ಲುಗಳು ಉಂಟು, ಆ ಉಕ್ಕು ವಿದ್ಯುತ್ತನ್ನು ಆರಾಮವಾಗಿ ಒಯ್ಯುತ್ತದೆ. ಲೋಹವಿಲ್ಲದ ಕೇಬಲ್ ಅಂತ ಕೇಳಿಯೇ ತೆಗೆದುಕೊಳ್ಳಬೇಕು. ಇದರ ಮೇಲೆ ಸರಿಯಾದ ಅರ್ಥಿಂಗ್, ಸರ್ಜ್ ಪ್ರೊಟೆಕ್ಟರ್, ಸ್ವಿಚ್ಚಿಗೂ ಫೈಲ್ ಇಡುವ ಪೆಟ್ಟಿಗೆಗೂ ಒಂದು ಯುಪಿಎಸ್. ಕರೆಂಟು ಹೋದಾಗ ಕಂಪ್ಯೂಟರುಗಳಿಗೆ ಮಾತ್ರ ಯುಪಿಎಸ್ ಇದ್ದು ಸ್ವಿಚ್ಚಿಗೆ ಇಲ್ಲದಿದ್ದರೆ, ಸರ್ವರಿನಿಂದ ತೆರೆದಿದ್ದ ಫೈಲನ್ನು ಸೇವ್ ಮಾಡ್ಲಿಕ್ಕೆ ದಾರಿಯೇ ಇರುವುದಿಲ್ಲ.

ವಿಳಾಸ ಹಂಚುವುದು

ಪ್ರತಿ ಯಂತ್ರಕ್ಕೂ ನೆಟ್‌ವರ್ಕಿನಲ್ಲಿ ಒಂದು ಐಪಿ ವಿಳಾಸ ಇರ್ತದೆ. ಇಂಟರ್ನೆಟ್ ಕೊಡುವವರ ರೂಟರ್ ಸಾಮಾನ್ಯವಾಗಿ 192.168.1.1 ಅಂತ ತಾನು ಕುಳಿತುಕೊಂಡು ಬಂದವರಿಗೆಲ್ಲ ಒಂದೊಂದು ವಿಳಾಸ ಹಂಚುತ್ತದೆ. ಇದಕ್ಕೆ ಡಿಎಚ್‌ಸಿಪಿ ಅಂತ ಹೆಸರು. ಲಾಡ್ಜಿನಲ್ಲಿ ರೂಮು ಕೊಟ್ಟ ಹಾಗೆ, ಇವತ್ತು ಸಿಕ್ಕಿದ ನಂಬರೇ ನಾಳೆ ಸಿಗಬೇಕೆಂದಿಲ್ಲ. ಕಂಪ್ಯೂಟರಿಗೆ ಇದು ನಡೀತದೆ. ಪ್ರಿಂಟರಿಗೆ ನಡೆಯುವುದಿಲ್ಲ. ನಿನ್ನೆ 105 ಆಗಿದ್ದ ಪ್ರಿಂಟರ್ ಇವತ್ತು 112 ಆದರೆ ಎಲ್ಲ ಕಂಪ್ಯೂಟರುಗಳೂ ಖಾಲಿ ರೂಮಿನ ಬಾಗಿಲು ತಟ್ಟುತ್ತಾ ಕೂರುತ್ತವೆ. ನನ್ನ ಅನುಭವದಲ್ಲಿ "ಪ್ರಿಂಟರ್ ಹಾಳಾಗಿದೆ" ಎಂಬ ದೂರುಗಳಲ್ಲಿ ಬಹಳಷ್ಟು ಇದುವೇ. ಫೈಲ್ ಸರ್ವರಿಗೆ 192.168.1.10, ಪ್ರಿಂಟರುಗಳಿಗೆ 21, 22 ಅಂತ ಖಾಯಂ ನಂಬರು ಕೊಟ್ಟು, ಹಂಚುವ ನಂಬರುಗಳನ್ನು 100ರಿಂದ 200ರ ಒಳಗೆ ಕಟ್ಟಿಹಾಕಿದರೆ ಮುಗೀತು. ಆ ನಂಬರುಗಳನ್ನು ಒಂದು ಕಾಗದದಲ್ಲಿ ಬರೆದು ಸ್ವಿಚ್ಚಿನ ಪಕ್ಕದಲ್ಲೇ ಅಂಟಿಸಿ.

ಇನ್ನೊಂದು ಪಜೀತಿ: ಸಿಗ್ನಲ್ ಸಾಲದು ಅಂತ ಯಾರೋ ಮನೆಯಲ್ಲಿದ್ದ ಹಳೆಯ ವೈಫೈ ರೂಟರ್ ತಂದು ಸ್ವಿಚ್ಚಿಗೆ ಸಿಕ್ಕಿಸ್ತಾರೆ. ಈಗ ಲಾಡ್ಜಿಗೆ ಇಬ್ಬರು ಮ್ಯಾನೇಜರು. ಇಬ್ಬರೂ ರೂಮು ಹಂಚುತ್ತಾರೆ. ಅರ್ಧ ಜನರಿಗೆ ಸರ್ವರ್ ಕಾಣ್ತದೆ, ಅರ್ಧ ಜನರಿಗೆ ಕಾಣುವುದಿಲ್ಲ. ಎರಡನೇ ರೂಟರ್ ಬೇಕೇ ಬೇಕಿದ್ದರೆ ಅದರ ಡಿಎಚ್‌ಸಿಪಿ ಬಂದ್ ಮಾಡಿ ಅಕ್ಸೆಸ್ ಪಾಯಿಂಟ್ ಆಗಿ ಮಾತ್ರ ಇಟ್ಟುಕೊಳ್ಳಬೇಕು. ಕೌಂಟರಿಗೆ ಬಂದ ಗಿರಾಕಿಗಳಿಗೆ ಗೆಸ್ಟ್ ವೈಫೈ ಬೇರೆಯೇ ಇರಲಿ. ವಾಟ್ಸ್ಯಾಪಿನಲ್ಲಿ ವರನ ಫೋಟೋ ಕಳಿಸ್ಲಿಕ್ಕೆ ಬಂದವರ ಮೊಬೈಲಿಗೆ ನಮ್ಮ ಫೈಲ್ ಸರ್ವರ್ ಕಾಣುವ ಅಗತ್ಯ ಇಲ್ಲ.

ಫೈಲಿನ ಹೆಸರು ಯಾವ ಭಾಷೆಯಲ್ಲಿ?

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ಫೈಲ್ ಇಡ್ಲಿಕ್ಕೆ ಎರಡು ಡಿಸ್ಕಿನ ಒಂದು ನಾಸ್ ಪೆಟ್ಟಿಗೆ, ಅಥವಾ ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರ್ ಸಾಕು. ಲಿನಕ್ಸ್ ಅಂದ ಕೂಡಲೇ ಹೆದರಬೇಕಾಗಿಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ@ಸ್ಕೂಲ್ ಯೋಜನೆಯ ಕಾಲದಿಂದಲೂ, ಈಗ ಕೈಟ್ ಸಂಸ್ಥೆಯ ಅಡಿಯಲ್ಲೂ, ಕಂಪ್ಯೂಟರ್ ಕಲಿಸುವುದು ಸ್ವತಂತ್ರ ತಂತ್ರಾಂಶದಲ್ಲೇ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ ಡಿಟಿಪಿಗೆ ಬಂದ ಹುಡುಗಿಗೆ ಲಿನಕ್ಸ್ ಹೊಸತಲ್ಲ. ಇದು ನಮ್ಮ ಪ್ರೆಸ್ಸುಗಳು ಇನ್ನೂ ಬಳಸಿಕೊಳ್ಳದ ಒಂದು ಬಂಡವಾಳ.

ಸರ್ವರಿನಲ್ಲಿ ಫೋಲ್ಡರ್ ಮಾಡುವಾಗ ಹೆಸರು ಹೇಗೆ ಇಡುವುದು? ಸಾಮಾನ್ಯವಾಗಿ ಎಲ್ಲರೂ ಇಂಗ್ಲಿಷಿನಲ್ಲಿ ಇಡ್ತಾರೆ. ಆಗ ಕುಂಬಳೆ ಎಂಬ ಒಂದೇ ಊರು ಮೂರು ಸ್ಪೆಲ್ಲಿಂಗಿನಲ್ಲಿ ಮೂರು ಕಡೆ ಹಂಚಿಹೋಗ್ತದೆ, ಬದಿಯಡ್ಕಕ್ಕೂ ಅದೇ ಗತಿ. ಊರ ಹೆಸರುಗಳ ಬಗ್ಗೆ ಗಡಿನಾಡಿನಲ್ಲಿ ನಾವು ಎಷ್ಟು ಸೂಕ್ಷ್ಮ ಅಂತ ನಿಮಗೆ ಗೊತ್ತುಂಟು. ಮಂಜೇಶ್ವರವನ್ನು ಮಂಜೇಶ್ವರಂ ಅಂತ ಬೋರ್ಡು ಹಾಕಿದರೆ ಪತ್ರಿಕೆಗೆ ಕಾಗದ ಬರೀತೇವೆ. ಆದರೆ ನಮ್ಮದೇ ಹಾರ್ಡ್‌ಡಿಸ್ಕಿನಲ್ಲಿ ಅದೇ ಊರನ್ನು ಹೇಗೆ ಬರೆದಿಟ್ಟಿದ್ದೇವೆ ಅಂತ ನೋಡುವುದಿಲ್ಲ.

ಕನ್ನಡ ಕೆಲಸಕ್ಕೆ ಕನ್ನಡದಲ್ಲೇ, ಮಲಯಾಳ ಕೆಲಸಕ್ಕೆ ಮಲಯಾಳದಲ್ಲೇ ಹೆಸರು ಇಡಿ ಅಂತ ನಾನು ಹೇಳುವುದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಯೂನಿಕೋಡ್ ಹೆಸರು ಅರ್ಥ ಆಗ್ತದೆ. ಆದರೆ ಕೆಲವು ಒಳಸುಳಿ ಉಂಟು, ಅದನ್ನು ತಿಳಿಯದೆ ಇಳಿಯಬಾರದು.

ಮೊದಲನೆಯದು ಉದ್ದ. ಲಿನಕ್ಸಿನ ಸಾಮಾನ್ಯ ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರು 255 ಬೈಟ್ ಮೀರುವ ಹಾಗಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒತ್ತು, ಗುಣಿತ, ಹಲಂತ ಎಲ್ಲವೂ ಬೇರೆಬೇರೆ ಸಂಕೇತ. 'ಶ್ರೀ' ನಮಗೆ ಒಂದು ಅಕ್ಷರ, ಕಂಪ್ಯೂಟರಿಗೆ ಶ, ಹಲಂತ, ರ, ಈಕಾರ ಅಂತ ನಾಲ್ಕು ಸಂಕೇತ, ಹನ್ನೆರಡು ಬೈಟ್. "ಶ್ರೀ ಮಹಾವಿಷ್ಣುಮೂರ್ತಿ ದೇವಸ್ಥಾನ ಜೀರ್ಣೋದ್ಧಾರ ಬ್ರಹ್ಮಕಲಶೋತ್ಸವ ಆಮಂತ್ರಣ ಪತ್ರಿಕೆ ಎರಡನೇ ಪ್ರೂಫ್ ತಿದ್ದಿದ್ದು" ಎಂಬ ಹೆಸರನ್ನು ಲೆಕ್ಕ ಹಾಕಿದರೆ 270 ಬೈಟ್ ಆಗ್ತದೆ. ವಿಂಡೋಸಿನ ಲೆಕ್ಕದಲ್ಲಿ ಇದು ಬರೀ 96, ಅಲ್ಲಿ ಸುಖವಾಗಿ ಸೇವ್ ಆಗ್ತದೆ. ಸರ್ವರಿಗೆ ಹಾಕುವಾಗ ಮಾತ್ರ ಬೇಡ ಅಂತದೆ. ಆಗ ಜನ "ಕನ್ನಡದಲ್ಲಿ ಹೆಸರಿಟ್ಟರೆ ಸರ್ವರಿಗೆ ಆಗುವುದಿಲ್ಲ" ಅಂತ ತೀರ್ಮಾನ ಮಾಡಿಬಿಡ್ತಾರೆ. ಅಡ್ಡಿ ಕನ್ನಡದ್ದಲ್ಲ, ಉದ್ದದ್ದು.

ಎರಡನೆಯದು, ಕಣ್ಣಿಗೆ ಒಂದೇ ಆಗಿ ಕಂಡರೂ ಒಳಗೆ ಬೇರೆಯಾಗಿರುವ ಹೆಸರುಗಳು. 'ಕಾಸರಗೋಡು' ಎಂಬುದರ 'ಗೋ'ದಲ್ಲಿರುವ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅದರ ಬಿಡಿ ಭಾಗಗಳನ್ನು ಜೋಡಿಸಿಯೂ ಬರೆಯಬಹುದು. ಯೂನಿಕೋಡಿನ ಪ್ರಕಾರ ಎರಡೂ ಸಮಾನ, ಆದರೆ ಬೈಟುಗಳನ್ನು ಮಾತ್ರ ಹೋಲಿಸುವ ತಂತ್ರಾಂಶಕ್ಕೆ ಅವು ಬೇರೆ ಬೇರೆ. 'ರಾಜ್‌ಕುಮಾರ್' ಅಂತ ಬರೆಯುವಾಗ ಜ ಮತ್ತು ಕ ಒತ್ತಾಗದ ಹಾಗೆ ನಡುವೆ ಒಂದು ಕಾಣದ ಸಂಕೇತ ಹಾಕ್ತೇವೆ, ಅದೂ ಹೆಸರಿನ ಭಾಗವೇ. ಮಲಯಾಳದ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಚಿಲ್ಲಕ್ಷರಗಳಿಗೆ ಸ್ವತಂತ್ರ ಸಂಕೇತ ಸಿಕ್ಕಿದ್ದು 2008ರ ಯೂನಿಕೋಡ್ 5.1ರಲ್ಲಿ. ಅದಕ್ಕೆ ಮೊದಲು ಅಕ್ಷರ, ಹಲಂತ, ಕಾಣದ ಜೋಡಕ ಸೇರಿಸಿ ಬರೀತಿದ್ದರು. ಮಲಯಾಳದಲ್ಲಿ ನಮ್ಮ ಜಿಲ್ಲೆಯ ಹೆಸರಿನೊಳಗೇ ಒಂದು ಚಿಲ್ಲು ರಕಾರ ಉಂಟು. ಹಳೆಯ ರೀತಿಯಲ್ಲಿ ಹೆಸರಿಟ್ಟ ಫೈಲನ್ನು ಹೊಸ ಕೀಬೋರ್ಡಿನಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗದೆ ಹೋಗಬಹುದು.

ಇದಕ್ಕೆಲ್ಲ ಪರಿಹಾರ ಸುಲಭ. ಪ್ರತಿ ಕೆಲಸಕ್ಕೂ ಬಿಲ್ ಪುಸ್ತಕದಲ್ಲಿ ಹೇಗೂ ಒಂದು ನಂಬರ್ ಇರ್ತದೆ. ಫೋಲ್ಡರಿನ ಹೆಸರು ಅದರಿಂದ ಶುರುವಾಗಲಿ: ವರ್ಷ, ತಿಂಗಳು, ಜಾಬ್ ನಂಬರ್, ಆಮೇಲೆ ಚಿಕ್ಕದಾಗಿ ಊರು ಮತ್ತು ಕೆಲಸ. "2024-03-0187 ಮಧೂರು ಆಮಂತ್ರಣ" ಅಂತ. ಅಂಕೆ ಎಲ್ಲರಿಗೂ ಓದ್ಲಿಕ್ಕೆ ಬರ್ತದೆ. ಮಲಯಾಳ ಮಾತ್ರ ಬಲ್ಲ ಆಪರೇಟರ್, ಕನ್ನಡ ಮಾತ್ರ ಬಲ್ಲ ಪ್ರೂಫ್ ರೀಡರ್ ಇಬ್ಬರೂ ಒಂದೇ ನಂಬರ್ ಹೇಳಿ ಒಂದೇ ಫೈಲಿಗೆ ತಲಪ್ತಾರೆ. ಹುಡುಕಾಟ ಅಂಕೆಯ ಮೇಲೆ ನಡೀತದೆ, ಹೆಸರು ಅದರದೇ ಭಾಷೆಯಲ್ಲಿ ಉಳೀತದೆ.

ಫಾಂಟ್ ಇಲ್ಲದ ಬ್ಯಾಕಪ್ ಅರ್ಧ ಬ್ಯಾಕಪ್

ಹೆಸರು ಯೂನಿಕೋಡ್ ಆದರೂ ಫೈಲಿನ ಹೊಟ್ಟೆಯೊಳಗಿರುವುದು ಬೇರೆಯೇ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಆದರೂ ಅದು ಇನ್ನೂ ನಮ್ಮ ಪ್ರೆಸ್ಸುಗಳಲ್ಲಿ ಉಸಿರಾಡ್ತಾ ಉಂಟು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಚೂರುಗಳನ್ನು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿದೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಟೊಪ್ಪಿ ಹಾಕಿದ ಇಂಗ್ಲಿಷ್ ಅಕ್ಷರಗಳ, ಪೌಂಡ್ ಚಿಹ್ನೆಗಳ ಮೆರವಣಿಗೆ. ನೆಟ್‌ವರ್ಕ್ ಹಾಕಿದ ಮೊದಲ ವಾರದಲ್ಲೇ ಇದು ಬಯಲಾಗ್ತದೆ. ಇಷ್ಟು ದಿನ ಒಂದೇ ಕಂಪ್ಯೂಟರಿನಲ್ಲಿ ತೆರೀತಿದ್ದ ಫೈಲನ್ನು ಈಗ ನಾಲ್ಕು ಕಂಪ್ಯೂಟರಿನಲ್ಲಿ ತೆರೀತೇವೆ, ಮೂರರಲ್ಲಿ ಮೆರವಣಿಗೆ ಕಾಣ್ತದೆ. ಒಂದೇ ಹೆಸರಿನ ಫಾಂಟಿನ ಬೇರೆ ಆವೃತ್ತಿ ಇದ್ದರೆ ಇನ್ನೂ ಅಪಾಯ: ಎಲ್ಲ ಸರಿಯಾಗಿ ಕಂಡು ಸಾಲು ಮಾತ್ರ ಆಚೀಚೆ ಸರೀತದೆ, ಪುಟದ ಕೊನೆಯ ಸಾಲು ಮಾಯ ಆಗ್ತದೆ. ಆದ ಕಾರಣ ಪ್ರೆಸ್ಸಿನಲ್ಲಿ ಬಳಸುವ, ಲೈಸೆನ್ಸ್ ಇರುವ ಎಲ್ಲ ಫಾಂಟುಗಳ ಒಂದೇ ಸೆಟ್ ಸರ್ವರಿನಲ್ಲಿ ಇರಬೇಕು, ಎಲ್ಲ ಕಂಪ್ಯೂಟರಿಗೂ ಅಲ್ಲಿಂದಲೇ ಹಾಕಬೇಕು. ಆ ಫೋಲ್ಡರನ್ನು ಓದಬಹುದು, ತಿದ್ದುವ ಹಾಗಿಲ್ಲ ಎಂದು ಅನುಮತಿ ಬಿಗಿ ಮಾಡಬೇಕು.

ಬ್ಯಾಕಪ್ಪಿಗೂ ಇದೇ ಮಾತು. ನಾಸ್ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಒಂದಕ್ಕೊಂದು ಕನ್ನಡಿಯಾಗಿ ಇರ್ತವೆ, ಅದನ್ನು ರೇಡ್-1 ಅಂತಾರೆ. ಒಂದು ಡಿಸ್ಕ್ ಸತ್ತರೆ ಇನ್ನೊಂದು ಉಳೀತದೆ. ಆದರೆ ಫೈಲನ್ನು ನೀವೇ ಅಳಿಸಿದರೆ ಕನ್ನಡಿಯಲ್ಲೂ ಅಳಿದು ಹೋಗ್ತದೆ, ವೈರಸ್ ಬೀಗ ಹಾಕಿದರೆ ಎರಡಕ್ಕೂ ಬೀಗ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಹರಡಿದ್ದು ಇಂಥದ್ದೇ ಲೋಕಲ್ ನೆಟ್‌ವರ್ಕುಗಳೊಳಗೆ, ಫೈಲ್ ಹಂಚುವ ಎಸ್‌ಎಂಬಿ ಎಂಬ ಪದ್ಧತಿಯ ಹಳೆಯ ಮೊದಲ ಆವೃತ್ತಿಯ ದೋಷ ಹಿಡಿದುಕೊಂಡು. ಮೈಕ್ರೋಸಾಫ್ಟ್ ಅದಕ್ಕೆ ಎರಡು ತಿಂಗಳ ಮೊದಲೇ ಪ್ಯಾಚ್ ಕೊಟ್ಟಿತ್ತು, ಹಾಕದವರು ಸಿಕ್ಕಿಬಿದ್ದರು. ಹಾಗಾಗಿ ಸರ್ವರಿನಲ್ಲಿ ಆ ಹಳೆಯ ಆವೃತ್ತಿಯನ್ನು ಬಂದ್ ಮಾಡ್ಲೇಬೇಕು.

ಬಂದ್ ಮಾಡಿದ ಕೂಡಲೇ ಪ್ಲೇಟಿನ ಯಂತ್ರಕ್ಕೆ ಅಂಟಿದ ಆ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿಗೆ ಸರ್ವರ್ ಕಾಣುವುದು ನಿಲ್ತದೆ, ಯಾಕೆಂದರೆ ಅದಕ್ಕೆ ಗೊತ್ತಿರುವುದು ಆ ಹಳೆಯ ಭಾಷೆ ಒಂದೇ. ಯಂತ್ರದ ಡ್ರೈವರ್ ಬೇರೆ ವಿಂಡೋಸಿಗೆ ಸಿಗುವುದಿಲ್ಲ, ಹೊಸ ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು. "ಅದೊಂದಕ್ಕೋಸ್ಕರ ಪುನಃ ಆನ್ ಮಾಡಿ" ಅಂತ ಮಾಲೀಕರು ಹೇಳಿಯೇ ಹೇಳ್ತಾರೆ. ಒಪ್ಪಬಾರದು. ಆ ಕಂಪ್ಯೂಟರನ್ನು ನೆಟ್‌ವರ್ಕಿನಿಂದ ಹೊರಗಿಟ್ಟು, ಅದಕ್ಕೆಂದೇ ಒಂದು ಪೆನ್‌ಡ್ರೈವ್ ಇಟ್ಟು, ಕೆಂಪು ದಾರ ಕಟ್ಟಿ ಯಂತ್ರಕ್ಕೇ ನೇತುಹಾಕುವುದು ನಾನು ಕಂಡ ಒಳ್ಳೆಯ ಉಪಾಯ. ಪೆನ್‌ಡ್ರೈವನ್ನು ಬೈದ ನಾನೇ ಇದನ್ನು ಹೇಳ್ತಾ ಇದ್ದೇನೆ. ಆದರೆ ಇಲ್ಲಿ ಅದು ಒಂದೇ ದಾರಿಯಲ್ಲಿ, ಅಂತಿಮ ಪಿಡಿಎಫ್ ಮಾತ್ರ ಹೊತ್ತು ಹೋಗ್ತದೆ.

ನಿಜವಾದ ಬ್ಯಾಕಪ್ಪಿಗೆ ಎರಡು ಎಕ್ಸ್‌ಟರ್ನಲ್ ಡಿಸ್ಕ್ ಬೇಕು. ಒಂದು ವಾರ ಒಂದು, ಇನ್ನೊಂದು ವಾರ ಇನ್ನೊಂದು. ಶನಿವಾರ ಸಂಜೆ ಕಾಪಿ ಆದ ಮೇಲೆ ಅದು ಮಾಲೀಕರ ಮನೆಗೆ ಹೋಗಬೇಕು. ತಂತಿಗೆ ಅಂಟಿರದ ಡಿಸ್ಕಿಗೆ ಸಿಡಿಲೂ ಬಡಿಯುವುದಿಲ್ಲ, ವೈರಸ್ಸೂ ಬರುವುದಿಲ್ಲ. ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ಎರಡು ವರ್ಷ ಹಳೆಯ ಒಂದು ಕನ್ನಡ ಫೈಲ್ ತೆರೆದು ಓದಿ ನೋಡಬೇಕು. ಕಾಪಿ ಆಗಿದೆ ಅನ್ನುವುದು ಬೇರೆ, ಓದ್ಲಿಕ್ಕೆ ಆಗ್ತದೆ ಅನ್ನುವುದು ಬೇರೆ.

ಇಲ್ಲಿ ಸಂಶೋಧಕರ ಪಾಲಿನ ಕೆಲಸವೂ ಉಂಟು. ಪಿಡಿಎಫ್ ಇಟ್ಟರೆ ಸಾಕು ಅಂತ ಅನ್ನಿಸಬಹುದು. ಪಿಡಿಎಫಿನಲ್ಲಿ ಅಕ್ಷರದ ಆಕಾರ ಉಳೀತದೆ, ಆದರೆ ಹಳೆಯ ಫಾಂಟಿನದ್ದಾದರೆ ಅದರೊಳಗಿನ ಪಠ್ಯ ಹುಡುಕ್ಲಿಕ್ಕೆ ಸಿಗುವುದಿಲ್ಲ. ಹತ್ತು ವರ್ಷದ ಆಮಂತ್ರಣಗಳಲ್ಲಿ ಒಂದು ಮೇಳದ ಹೆಸರು ಎಲ್ಲೆಲ್ಲಿ ಬಂದಿದೆ ಅಂತ ನೋಡಬೇಕಾದರೆ ಯೂನಿಕೋಡಿಗೆ ಪರಿವರ್ತಿಸಿದ ಪಠ್ಯ ಬೇಕು. ಪರಿವರ್ತಕಗಳು ಉಚಿತವಾಗಿಯೇ ಸಿಗ್ತವೆ, ಆದರೆ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಹಳೆಯ ಫಾಂಟುಗಳಲ್ಲಿ 'ಸೂರ್ಯ'ದ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಯಕಾರದ ನಂತರ ಕೂತಿರ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸಾಗಿಸಬೇಕಾಗ್ತದೆ. ಅಂಥ ಕಡೆಗಳಲ್ಲೇ ತಪ್ಪು ನುಸುಳುತ್ತದೆ. ಆದ್ದರಿಂದ ಪ್ರತಿ ಜಾಬ್ ಫೋಲ್ಡರಿನಲ್ಲಿ ಮೂಲ ಫೈಲ್, ಪಿಡಿಎಫ್, ಯೂನಿಕೋಡ್ ಪಠ್ಯ ಮೂರೂ ಇರಲಿ. ಮೂರನೆಯದನ್ನು ಪ್ರೆಸ್ಸಿನವರಿಂದ ನಿರೀಕ್ಷಿಸುವುದು ನ್ಯಾಯವಲ್ಲ. ರಜೆಯಲ್ಲಿ ನಮ್ಮ ವಿಭಾಗದ ವಿದ್ಯಾರ್ಥಿಗಳು ಹೋಗಿ ಮಾಡಿಕೊಡಬಹುದು. ಮದುವೆ ಕಾಗದ, ಗಿರಾಕಿಗಳು ಬಿಟ್ಟುಹೋದ ಆಧಾರ್ ಪ್ರತಿ ಇಂಥ ಖಾಸಗಿ ವಿಷಯಗಳನ್ನು ಮುಟ್ಟದೆ, ಸಾರ್ವಜನಿಕ ಕಾರ್ಯಕ್ರಮಗಳ ಫೋಲ್ಡರ್ ಮಾತ್ರ ನೋಡುವ ಅನುಮತಿ ಪಡೆದು.

ಪ್ರಶ್ನೋತ್ತರ

ಒಬ್ಬ ಅಧ್ಯಾಪಕರು: ಇಷ್ಟೆಲ್ಲ ತಾಪತ್ರಯ ಯಾಕೆ, ಗೂಗಲ್ ಡ್ರೈವಿನಲ್ಲಿ ಹಾಕಿದರೆ ಆಗುವುದಿಲ್ಲವೇ?

ಸರ್, ಮೂರನೇ ಪ್ರತಿಯಾಗಿ ಖಂಡಿತ ಆಗ್ತದೆ. ಕೆಲಸ ಮಾಡುವ ಜಾಗವಾಗಿ ಕಷ್ಟ. 20 ಮೆಗಾಬಿಟ್ ಅಪ್‌ಲೋಡ್ ಇದ್ದರೆ ಆ 2 ಜಿಬಿ ಫೋಲ್ಡರಿಗೆ 13 ನಿಮಿಷಕ್ಕಿಂತ ಹೆಚ್ಚು ಬೇಕು, ಮಳೆಗಾಲದಲ್ಲಿ ಲೈನೇ ಇರುವುದಿಲ್ಲ. ಹಗಲು ಲೋಕಲ್ ಸರ್ವರಿನಲ್ಲಿ ಕೆಲಸ, ರಾತ್ರಿ ತಾನಾಗಿ ಕ್ಲೌಡಿಗೆ ಒಂದು ಪ್ರತಿ ಹೋಗುವ ಹಾಗೆ ಮಾಡಿಕೊಳ್ಳಬಹುದು. ಇನ್ನೊಂದು ವಿಷಯ, ಆ ಖಾತೆ ಹೆಚ್ಚಾಗಿ ಯಾರೋ ಒಬ್ಬ ಕೆಲಸದವರ ಸ್ವಂತ ಜಿಮೇಲಿನಲ್ಲಿ ಇರ್ತದೆ. ಅವರು ಕೆಲಸ ಬಿಟ್ಟರೆ ಹತ್ತು ವರ್ಷದ ಫೈಲು ಅವರ ಜೊತೆ ಹೋಗ್ತದೆ. ಪ್ರೆಸ್ಸಿನ ಹೆಸರಿನಲ್ಲೇ ಖಾತೆ ಇರಬೇಕು.

ಹೊಸೂರಿನಿಂದ ಒಬ್ಬ ವಿದ್ಯಾರ್ಥಿ: ನಮ್ಮದು ಬಾಡಿಗೆ ಕಟ್ಟಡ. ಗೋಡೆ ಕೊರೆಯೋಕೆ ಓನರ್ ಬಿಡಲ್ಲ. ಏನ್ಮಾಡೋದು?

ಗೋಡೆ ಕೊರೆಯದೆ ಪ್ಲಾಸ್ಟಿಕ್ ಕೇಸಿಂಗ್ ಅಂಟಿಸಿ ಬಾಗಿಲ ಚೌಕಟ್ಟಿನ ಮೇಲಿಂದ ತರಬಹುದು. ಕರೆಂಟಿನ ವೈರಿನ ಜೊತೆ ಒಂದೇ ಕೇಸಿಂಗಿನಲ್ಲಿ ಹಾಕಬೇಡಿ, ಸುರಕ್ಷತೆಗೂ ಒಳ್ಳೆಯದಲ್ಲ. ಡಿಟಿಪಿ ಮೇಜುಗಳು ಸರ್ವರ್ ಇರುವ ಕೋಣೆಯಲ್ಲೇ ಇದ್ದರೆ ಅವಕ್ಕಷ್ಟೇ ತಂತಿ ಸಾಕು, ಕೌಂಟರಿನ ಬಿಲ್ಲಿಂಗಿಗೆ ವೈಫೈ ನಡೀತದೆ.

ಸೊಲ್ಲಾಪುರದಿಂದ ಒಬ್ಬ ವಿದ್ಯಾರ್ಥಿನಿ: ನಮ್ಮ ಮಾವನವರದ್ದು ಟವೆಲ್ ಕಾರ್ಖಾನೆ ಐತ್ರಿ. ಆಫೀಸಿನ್ಯಾಗ ಮರಾಠಿ, ಕನ್ನಡ, ತೆಲುಗು ಮೂರೂ ನಡೀತಾವು. ಮಗ್ಗದ ಶೆಡ್ಡಿನ್ಯಾಗ ಒಂದು ಕಂಪ್ಯೂಟರ್ ಇಡಬೇಕಂತಾರ. ಇದೇ ಪದ್ಧತಿ ನಡೀತೈತೇನ್ರಿ?

ನಂಬರ್ ಮೊದಲು, ಹೆಸರು ಆಮೇಲೆ ಅನ್ನುವುದು ಮೂರು ಭಾಷೆಗೂ ನಡೀತದೆ. ನಿಮ್ಮಲ್ಲಿ ಆರ್ಡರ್ ನಂಬರ್ ಇಟ್ಟುಕೊಳ್ಳಿ. ಮಗ್ಗದ ಶೆಡ್ಡಿನಲ್ಲಿ ಸಿಡಿಲಿಗಿಂತ ಹತ್ತಿಯ ನಾರು ದೊಡ್ಡ ಶತ್ರು. ಫ್ಯಾನ್ ಇರುವ ಸ್ವಿಚ್ಚು ನಾರನ್ನು ಒಳಗೆ ಎಳೆದುಕೊಂಡು ಬಿಸಿಯಾಗಿ ಸಾಯ್ತದೆ. ಫ್ಯಾನ್ ಇಲ್ಲದ ಸ್ವಿಚ್ ತೆಗೆದುಕೊಳ್ಳಿ, ಫೈಲ್ ಸರ್ವರನ್ನು ಶೆಡ್ಡಿನಲ್ಲಿ ಇಡಲೇಬೇಡಿ, ಆಫೀಸಿನಲ್ಲಿರಲಿ. ಮಗ್ಗ ಅದುರುವಾಗ ಕನೆಕ್ಟರಿನ ಕಿವಿ ಸಡಿಲ ಆಗ್ತದೆ, ಹಾಗಾಗಿ ಕೇಬಲನ್ನು ಮಗ್ಗದ ಚೌಕಟ್ಟಿಗೆ ಕಟ್ಟದೆ ಗೋಡೆಗೇ ಬಿಗಿಯಬೇಕು. ಶೆಡ್ಡಿನ ಕಂಪ್ಯೂಟರಿಗೆ ಆರ್ಡರ್ ಫೋಲ್ಡರನ್ನು ಓದುವ ಅನುಮತಿ ಮಾತ್ರ ಕೊಡಿ. ದರದ ಫೋಲ್ಡರ್ ಅಲ್ಲಿ ಕಾಣದಿರಲಿ.